ಖಾಲಿ ಓಣಿಗೆ ಮದುವೆಯ ಕರೆ

ಬಾಗಿಲೇ ಇಲ್ಲದ ಮನೆಯ ಮುಂದೆ ನಿಂತು, ಬಾಗಿಲು ಬಡಿಯಲು ಎಂದಾದರೂ ಕೈ ಎತ್ತಿದ್ದೀರಾ, ಸ್ನೇಹಿತರೇ? ನಾನು ಎತ್ತಿದ್ದೇನೆ. ಬಾಗಲಕೋಟೆಯ ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ಬರುವುದು ಖಾತ್ರಿಯಾದ ಮೇಲೆ ನಮ್ಮ ಓಣಿಯವರು ಮೊದಲು ಬಿಚ್ಚಿಕೊಂಡು ಹೋದದ್ದು ಬಾಗಿಲುಗಳನ್ನು. ಸಾಗವಾನಿಯ ಕದ, ಅಜ್ಜಂದಿರು ಕೆತ್ತಿಸಿದ ಚೌಕಟ್ಟು, ಆಮೇಲೆ ಜಂತಿ, ಗೂಟ, ಕೊನೆಗೆ ದೇವರ ಜಗುಲಿಯ ಕಲ್ಲು ಕೂಡ ಟ್ರ್ಯಾಕ್ಟರ್ ಏರಿ, ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಸೆಕ್ಟರುಗಳಿಗೆ ಹೋದವು. ಉಳಿದ ಗೋಡೆಗಳು ಬಾಯಿ ತೆರೆದು ಕೂತವು. ಹಾಡಹಗಲಲ್ಲೇ ಅವುಗಳ ಮುಂದೆ ಹಾಯುವಾಗ ಒಳಗಿನಿಂದ ಯಾರೋ ನೋಡುತ್ತಿದ್ದಾರೆ ಎನಿಸಿ ನಾನು ಸೆರಗು ಬಿಗಿ ಮಾಡಿಕೊಳ್ಳುತ್ತಿದ್ದೆ.

ಆ ಓಣಿಯಲ್ಲಿ ನಾನು ಮತ್ತು ನೀಲಾ ಹತ್ತು ಹನ್ನೆರಡು ವರ್ಷ ಒಂದೇ ಒಲೆಯ ಮೇಲೆ ರೊಟ್ಟಿ ಬಡಿದವರು. ನಾನು ಜಂಪರ್ ಹೊಲಿಯುವವಳು, ಬಾಯಿ ಜೋರು. ಅವಳು ಕನ್ನಡ ಶಾಲೆಯ ಟೀಚರು, ಸಿಟ್ಟು ಬಂದಷ್ಟೂ ದನಿ ಸಣ್ಣದು. ಓಣಿ ನಮ್ಮನ್ನು ಗೆಳತಿಯರು ಎಂದು ಕರೆದು ಕಣ್ಣು ಬೇರೆ ಕಡೆ ಹೊರಳಿಸುತ್ತಿತ್ತು. ನಮಗೆ ಆ ಹೆಸರು ಸಾಲುತ್ತಿರಲಿಲ್ಲ. ಮದುವೆ ಎಂಬ ಮಾತೇ ಬೇಕಿತ್ತು. ಕಾಯ್ದೆ ಕೊಡುವಂತಿರಲಿಲ್ಲ. ಕೊಟ್ಟರೆ ನಮ್ಮನ್ನು ಕಂಡು ಬಲ್ಲ ಆ ಓಣಿಯೇ ಕೊಡಬೇಕು, ಅದೋ ಚೂರುಚೂರಾಗಿ ಚದುರಿ ಹೋಗುತ್ತಿತ್ತು. ಹೊಸ ಊರಿನಲ್ಲಿ ನಾವು ಬಾಡಿಗೆ ಹಂಚಿಕೊಂಡ ಇಬ್ಬರು ಹೆಂಗಸರು, ಅಷ್ಟೇ.

ಅಲ್ಲ, ಮದುವೆ ಎಂದರೆ ಕೊನೆಗೂ ಏನು ಹೇಳಿ? ಮಂತ್ರ ಯಾರ ಕಿವಿಗೂ ನೆಟ್ಟಗೆ ಬೀಳುವುದಿಲ್ಲ, ಊಟ ಮರುದಿನಕ್ಕೆ ಮರೆತು ಹೋಗುತ್ತದೆ. ಉಳಿಯುವುದು ಅಕ್ಕಿಕಾಳು. ಬಲ್ಲವರು ಬಂದು, ಅರಿಸಿಣ ಹಚ್ಚಿದ ನಾಲ್ಕು ಕಾಳು ತಲೆಯ ಮೇಲೆ ಚೆಲ್ಲಿ, ನಾವು ಕಂಡಿದ್ದೇವೆ ಎಂದು ಒಪ್ಪುವುದು. ಕಾಣುವ ಕಣ್ಣಿಲ್ಲದಿದ್ದರೆ ಎಂಥ ಒಲವೂ ಗುಟ್ಟಾಗಿಯೇ ಮುದಿಯಾಗುತ್ತದೆ. ನನಗೆ ಗುಟ್ಟಿನ ಮುಪ್ಪು ಬೇಡವಾಗಿತ್ತು.

ಓಣಿಯ ಪ್ರತಿ ಮದುವೆಯಲ್ಲೂ ಮೊದಲ ಅಕ್ಕಿಕಾಳು ಬಸಲಿಂಗವ್ವ ಆಯಿಯದು. ಮಕ್ಕಳು ಬಾಗಿಲು ಕಿತ್ತುಕೊಂಡು ಹೋಗಿದ್ದರೂ ಆ ಮುದುಕಿ ಹೊಸ್ತಿಲು ಬಿಟ್ಟು ಕದಲಿರಲಿಲ್ಲ. ನೀಲಾ ಕೈಮುಗಿದು ಎಲ್ಲವನ್ನೂ ಹೇಳಿದಳು. ಆಯಿ ಬಹಳ ಹೊತ್ತು ಎಲೆ ಅಡಿಕೆ ಅಗಿದು, “ಇಬ್ಬರಾಗ ಗಂಡ ಯಾರವಾ?” ಎಂದು ಕೇಳಿದಳು. ನನ್ನ ಮೈಯೆಲ್ಲ ಉರಿಯಿತು.

“ಯಾರೂ ಇಲ್ರಿ ಆಯಿ,” ಎಂದಳು ನೀಲಾ, ಸಣ್ಣ ದನಿಯಲ್ಲಿ. “ಗಂಡ ಬೇಕಾಗಿದ್ರ ನಮ್ಮ ಮದಿವಿ ಎಂದೋ ಆಗತಿತ್ತಲ್ರಿ.”

ಆಯಿ ನಕ್ಕಳು. ನಗು ನಿಂತ ಮೇಲೆ ಖಾಲಿ ಓಣಿಯತ್ತ ಕಣ್ಣು ಕಿರಿದು ಮಾಡಿ ನೋಡಿದಳು. “ಹಾಕ್ತೇನಿ. ಆದ್ರ ಮದಿವಿ ಅಂದ್ರ ಮಂದಿ ಕೂಡಬೇಕು. ಪೂರಾ ಓಣಿ ಕರೀರಿ. ಒಂದ ಮನಿ ಬಿಡಬಾರ್ದು.”

ಜನವಿದ್ದ ಮನೆಗಳು ಬೆರಳೆಣಿಕೆಯಷ್ಟು. ಪ್ರತಿಯೊಂದರಲ್ಲೂ ಕೂತು ಬಿಡಿಸಿ ಹೇಳಿದೆವು. ಒಬ್ಬಾಕೆ ನೀರು ಕೊಟ್ಟು ಮಾತು ಬದಲಿಸಿದಳು. ಕಿರಾಣಿ ಅಂಗಡಿಯ ಕಾಕಾ ಮಾತ್ರ ಪೂರಾ ಕೇಳಿಸಿಕೊಂಡು, “ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲವಾ. ಆದ್ರ ನಾ ಬಂದ್ರ ನನ್ನ ಮಗಳ ಸಂಬಂಧ ತಪ್ಪತೈತಿ,” ಎಂದು ತಲೆ ತಗ್ಗಿಸಿದ. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಾ, “ಕೂತು ಕೇಳಿದ್ರಲ್ರಿ ಕಾಕಾ, ಭಾಳ ಆತು,” ಎಂದು ಎದ್ದಳು.

ಆಮೇಲೆ ಅವಳು ಖಾಲಿ ಮನೆಗಳನ್ನೂ ಕರೆಯತೊಡಗಿದಳು! ಕೀಲಿ ಹಾಕಿದ ಮನೆಗೆ ಕರೆಯ ಹೋದವರು ಹೊಸ್ತಿಲಿಗೆ ಕುಂಕುಮ ಹಚ್ಚಿ ಅರಿಸಿಣದ ಅಕ್ಕಿಕಾಳಿಟ್ಟು ಬರುವ ಪದ್ಧತಿ ಇದೆಯಲ್ಲ, ಹಾಗೆಯೇ ಒಂದೊಂದು ಹೊಸ್ತಿಲಿಗೂ ಬಾಗಿ, “ಮದಿವಿಗೆ ಬರ್ರಿ” ಎಂದಳು. “ಹುಚ್ಚಿ, ದೆವ್ವ ಕರೀತೀಯೇನ?” ಎಂದು ಬೈದೆ. “ಆಯಿ ಹೇಳ್ಯಾಳಲ್ಲ, ಒಂದ ಮನಿ ಬಿಡಬಾರ್ದಂತ,” ಎಂದಳು. ಮೂಲೆಮನೆಯಲ್ಲಿ ನಾನೇ ಕರೆದೆ, ಇಲ್ಲದ ಕದಕ್ಕೆ ಕೈ ಎತ್ತಿದ್ದು ಅಲ್ಲಿಯೇ. ತಿರುಗಿ ಎರಡು ಹೆಜ್ಜೆ ಇಟ್ಟಿರಬೇಕು, ಒಳಗಿನ ಕತ್ತಲಲ್ಲಿ ಯಾರೋ “ಹೂಂ” ಎಂದರು. ನೀಲಾಳ ಮುಖ ನೋಡಿದೆ, ಅವಳಿಗೂ ಕೇಳಿಸಿತ್ತು. ಇಬ್ಬರೂ ಬಿರಬಿರನೆ ಮನೆಯತ್ತ ನಡೆದೆವು.

ಮದುವೆಯ ಮಧ್ಯಾಹ್ನ ಆಯಿಯೊಬ್ಬಳೇ ಬಂದಳು. ಹೊತ್ತು ಇಳಿಯುವವರೆಗೆ ಕಾದೆವು. ಯಾರೂ ಇಲ್ಲ. ನಮ್ಮ ಮನೆಯ ಬಾಗಿಲೂ ಹೋಗಿತ್ತು. ಪಡಸಾಲೆಯ ಕಂಬಳಿಯ ಮೇಲೆ ಓಣಿಗೆ ಬೆನ್ನು ಮಾಡಿ ಕೂತೆವು, ಆಯಿ ನಮ್ಮೆದುರು ಓಣಿಗೆ ಮುಖ ಮಾಡಿ ನಿಂತಳು. ಅವಳ ಕೈಯಿಂದ ಮೊದಲ ಕಾಳು ನಮ್ಮ ನೆತ್ತಿಯ ಮೇಲೆ ಬಿದ್ದಾಗ ನನಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಗಿ, ಇಷ್ಟು ವರ್ಷದ ಓಣಿಗೆ ಇಷ್ಟೂ ಕರುಣೆ ಇಲ್ಲವೇ ಎಂದುಕೊಂಡೆ.

ಅಷ್ಟರಲ್ಲಿ ಆಯಿ ನಮ್ಮ ತಲೆಯ ಮೇಲಿಂದ ಓಣಿಯತ್ತ ನೋಡಿ ಗದರಿದಳು: “ಹಾಕ್ರೆವಾ! ಕರದಾರ, ಬಂದೀರಿ, ಸುಮ್ಮನ ನಿಂತ್ರ ಹೆಂಗ?” ಆಮೇಲೆ ಒಂದೊಂದೇ ಹೆಸರು ಹಿಡಿದು ಕರೆದಳು. ಕೆಲವರು ನವನಗರ ಸೇರಿದವರು, ಕೆಲವರು ನನ್ನ ಕಣ್ಣೆದುರೇ ಮಣ್ಣು ಸೇರಿದವರು.

ನನ್ನ ಬೆನ್ನ ಮೇಲೆ ಕಾಳು ಬಿದ್ದವು. ಗಾಳಿ ಎನ್ನಬೇಡಿ, ಉಡಿಗೆ ಉದುರಿದ ಪ್ರತಿ ಕಾಳಿಗೂ ಅರಿಸಿಣವಿತ್ತು, ಆಯಿಯ ತಟ್ಟೆಯೋ ಬರಿದಾಗಿತ್ತು. ಮತ್ತೊಂದು ಹಿಡಿ, ಮತ್ತೊಂದು. ಹೆದರಿಕೆಯೂ ಅಳುವೂ ಒಟ್ಟಿಗೇ ಉಕ್ಕಿ ಬಂದು, ನಾನು ಹಿಂದೆ ತಿರುಗಹೋದೆ. ನೀಲಾ ನನ್ನ ಕೈ ಗಟ್ಟಿ ಹಿಡಿದಳು.

“ತಿರುಗಬ್ಯಾಡ,” ಎಂದಳು. “ಎಲ್ಲಾರೂ ಹಾಕಿ ಮುಗಸಲಿ.”