ವೈಲೋಮಾದ ಸರದಿ ಮನೆ

ಹ್ಯೂಸ್ಟನ್ನಿನ ಕನ್ನಡ ಸಂಘದ ಮಕ್ಕಳು ಜ್ಯೋತ್ಸ್ನಾಗೆ ‘ಅಲೆ ಆಂಟಿ’ ಎಂದು ಹೆಸರಿಟ್ಟಿದ್ದರು. ಮೈಸೂರಿನ ಸರಸ್ವತಿಪುರದಲ್ಲಿ ಬೆಳೆದವಳು, ಐವತ್ತು ದಾಟಿದ ಶ್ವಾಸಕೋಶದ ಡಾಕ್ಟರು; ರಜೆ ಸಿಕ್ಕಿತೆಂದರೆ ಕಾರಿನ ಮೇಲೆ ಅಲೆ ಸವಾರಿಯ ಸರ್ಫ್‌ಬೋರ್ಡ್ ಕಟ್ಟಿಕೊಂಡು ಗ್ಯಾಲ್ವೆಸ್ಟನ್ನಿಗೆ ಹೊರಟುಬಿಡುತ್ತಿದ್ದಳು. ಅಲ್ಲಿಯ ಕಂದು ನೀರಿನಲ್ಲಿ ಒಳ್ಳೆಯ ಅಲೆ ಅಪರೂಪ. ಆದರೆ ಬಂದರಿನತ್ತ ಸಾಗುವ ಎಣ್ಣೆ ಹಡಗುಗಳ ಹಿಂದೆ ಒಮ್ಮೊಮ್ಮೆ ನೀರು ಉದ್ದಕ್ಕೆ ಮಡಚಿಕೊಂಡು ಏಳುತ್ತದೆ. ಅದರ ಮೇಲೆ ನಿಂತುಬಿಟ್ಟರೆ ಕಾಲು ಸೋಲುವವರೆಗೂ ಸಾಗಬಹುದು. ನಡುವಯಸ್ಸಿನಲ್ಲಿ ಕಲಿತ ವಿದ್ಯೆ, ಹುಚ್ಚಿನಂತೆ ಹತ್ತಿಕೊಂಡಿತ್ತು. ಗಂಡ ಪ್ರಭಂಜನನಿಗೆ ನೀರೆಂದರೆ ಭಯ. ದಡದಲ್ಲಿ ಕುರ್ಚಿ ಹಾಕಿಕೊಂಡು, ಟೋಪಿ ಮುಖದ ಮೇಲೆ ಎಳೆದುಕೊಂಡು ಕೂರುತ್ತಿದ್ದ.

ಗ್ಯಾಲ್ವೆಸ್ಟನ್ನಿನ ಸ್ನೇಹಿತರ ಗುಂಪಿನ ಜೊತೆ ಅವಳು ವೈಲೋಮಾಗೆ ಹೋಗಿದ್ದು ಅಲೆಗಾಗಿಯೇ. ಶಾಂತ ಸಾಗರದ ನಡುವೆ, ದೊಡ್ಡ ವಿಮಾನ ಇಳಿದು, ಸಣ್ಣ ವಿಮಾನ ಹತ್ತಿ, ಆಮೇಲೆ ದೋಣಿಯಲ್ಲಿ ಮೈಯೆಲ್ಲ ನೆನೆಸಿಕೊಂಡು ಸೇರಬೇಕಾದ ಹಳ್ಳಿ. ಅಲ್ಲಿ ಹೋಟೆಲಿಲ್ಲ. ಹೋಮ್‌ಸ್ಟೇಗಳನ್ನು ಇಡೀ ಊರೇ ನಡೆಸುತ್ತದೆ. ಯಾವ ಅತಿಥಿ ಯಾವ ಮನೆಗೆ ಎಂದು ಊರಿನ ಹೆಂಗಸರ ಸಭೆ ಗೊತ್ತು ಮಾಡುತ್ತದೆ. ಒಂದು ಮನೆಯ ಸರದಿ ಮುಗಿದರೆ ಪಕ್ಕದ ಮನೆಯದು. ಬಂದ ಆದಾಯ ಊರಿನ ಶಾಲೆಗೆ, ನೀರಿನ ತೊಟ್ಟಿಗೆ. ಜ್ಯೋತ್ಸ್ನಾಗೆ ಸಿಕ್ಕಿದ್ದು ಲಿತಿಯಾ ಎಂಬಾಕೆಯ ಮನೆ. ಅಗಲ ಭುಜದ, ನರೆಗೂದಲಿನ, ನಕ್ಕರೆ ಮನೆಯೇ ಅದುರುವಂಥ ಹೆಂಗಸು.

ಎರಡನೆಯ ದಿನವೇ ಅನಾಹುತವಾಯಿತು. ಅಲೆಯಿಂದ ಉರುಳಿ ಹವಳದ ದಿಬ್ಬಕ್ಕೆ ತೊಡೆ ಉಜ್ಜಿತು. ಗಾಯ ಕೀವಾಗಿ, ಜ್ವರ ಏರಿತು. ತಂದಿದ್ದ ಆ್ಯಂಟಿಬಯಾಟಿಕ್ ನುಂಗಿ ಚಾಪೆಯ ಮೇಲೆ ಮಲಗಿದವಳು ಮತ್ತೆ ಬೋರ್ಡ್ ಮುಟ್ಟಲಿಲ್ಲ.

ಲಿತಿಯಾ ಬಿಸಿನೀರಿನಲ್ಲಿ ಅವಳ ಗಾಯ ತೊಳೆದಳು. ತಲೆ ಬಾಚಿದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಡ್ಡೆಯನ್ನು ತುತ್ತು ಮಾಡಿ ಬಾಯಿಗಿಟ್ಟಳು. ಸಾಕು ಎಂದರೆ ತನ್ನ ಮುರುಕು ಇಂಗ್ಲಿಷಿನಲ್ಲೇ ಗದರಿಸಿದಳು: “ಮಾತು ಬೇಡ. ಬಾಯಿ ತೆಗಿ.”

ಜ್ಯೋತ್ಸ್ನಾಗೆ ಅಳು ಬಂತು. ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ಇಷ್ಟು ವರ್ಷ ಎಲ್ಲರ ಉಸಿರು ಕಾದವಳು ಅವಳೇ. ಇನ್ನೊಬ್ಬರ ಕೈತುತ್ತು ತಿಂದು ಎಷ್ಟು ಕಾಲವಾಗಿತ್ತು! ನೀನು ಯಾರು, ಏನು ಮಾಡುತ್ತೀಯ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಹುಷಾರಾಗುವ ಹೊತ್ತಿಗೆ ಹೊರಡುವ ದೋಣಿ ಬಂದಿತ್ತು.

ಹ್ಯೂಸ್ಟನ್ನಿಗೆ ಮರಳಿದ ಮೇಲೆ ಆ ಚಾಪೆಯ ನೆನಪು ಎಲ್ಲೆಂದರಲ್ಲಿ ಎದುರಾಗತೊಡಗಿತು. ಪ್ಲೇನೋದಲ್ಲಿ ತಂಗಿ ಅನುರಾಧಾಳ ಮನೆಗೆ ಹೋಗಿ ಬರುವಾಗ, ಹೈವೇಯ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ನಿಂತಿದ್ದಾಗ, ಲಿತಿಯಾಳ ಹೊಗೆ ಹಿಡಿದ ಅಡುಗೆಮನೆಯ ವಾಸನೆ ಮೂಗಿಗೆ ಬಡಿದಂತಾಗುತ್ತಿತ್ತು.

“ಅಂಥದ್ದು ಏನಿತ್ತು ಅಲ್ಲಿ?” ಎಂದ ಪ್ರಭಂಜನ ಒಂದು ಸಂಜೆ. “ಹೋಗಿದ್ದು ಅಲೆಗೆ. ಅದೂ ಸಿಗಲಿಲ್ಲ. ಕಾಲು ಕೊಯ್ಕೊಂಡು ಬಂದೆ.”

“ಹೇಳಕ್ಕೆ ಬರಲ್ಲ ರೀ. ಮತ್ತೆ ಹೋಗ್ಬೇಕು ಅನ್ನಿಸತ್ತೆ, ಅಷ್ಟೇ.”

ಮರುವರ್ಷ ರಜೆ ಹಾಕಿದಳು. ಲಿತಿಯಾಳ ಮನೆಯೇ ಬೇಕೆಂದು ಹೆಂಗಸರ ಸಭೆಗೆ ಸಂದೇಶ ಕಳಿಸಿದಳು. ಉತ್ತರ ಫೋನಿನಲ್ಲಿ ದನಿಯಾಗಿ ಬಂತು. ಸಭೆಯ ಹಿರಿಯಳು ನಿಧಾನವಾಗಿ ಹೇಳಿದ್ದಳು: “ಈ ಸಲ ಅವಳ ಸರದಿ ಅಲ್ಲ. ನೀನು ಬರೋದು ನಮ್ಮೂರಿಗೆ, ಒಂದು ಮನೆಗಲ್ಲ. ಬಾ ಮಗಳೇ.”

ಜ್ಯೋತ್ಸ್ನಾಗೆ ಮುಖಕ್ಕೆ ಬಾಗಿಲು ಹಾಕಿದಂತಾಯಿತು. ರಜೆ ವಾಪಸ್ ಮಾಡಿದಳು. ಮುನಿಸಿನಲ್ಲೇ ಒಂದು ವರ್ಷ ಕಳೆಯಿತು. ಆದರೆ ಮುನಿಸಿಗಿಂತ ಹಂಬಲವೇ ಗಟ್ಟಿ. ಸರದಿ ಯಾರದೇ ಇರಲಿ, ಲಿತಿಯಾ ಅದೇ ಊರಿನಲ್ಲಿರುತ್ತಾಳಲ್ಲ ಎಂದುಕೊಂಡು ಮುಂದಿನ ವರ್ಷ ಒಬ್ಬಳೇ ಹೊರಟಳು.

ದಡದಲ್ಲಿ ಲಿತಿಯಾ ಓಡಿ ಬಂದು ತಬ್ಬಿಕೊಂಡಳು. ಗಾಯ ಮಾಸಿದೆಯೇ ಎಂದು ಲಂಗ ಎತ್ತಿ ನೋಡಿಯೇಬಿಟ್ಟಳು. ಆಮೇಲೆ ಪಕ್ಕಕ್ಕೆ ಸರಿದು, ಹಿಂದೆ ನಿಂತಿದ್ದ ಎಳೆವಯಸ್ಸಿನ ಹೆಂಗಸೊಬ್ಬಳನ್ನು ಮುಂದೆ ತಳ್ಳಿದಳು. “ಇವಳು ಆನಾ. ನೀನು ಇವಳ ಅತಿಥಿ.” ಅಷ್ಟೇ. ಹೊರಟುಹೋದಳು. ಇನ್ನೊಬ್ಬರ ಮನೆಯ ಅತಿಥಿಯನ್ನು ಕರೆದು ಉಣಿಸುವುದು ಆ ಊರಿನಲ್ಲಿ ಅವಮರ್ಯಾದೆ.

ಅಲೆಗಳು ಆ ವಾರ ಅದ್ಭುತವಾಗಿದ್ದವು. ನೀಲಿ ಗೋಡೆಯಂತೆ ಎದ್ದು, ಅಂಚಿನಲ್ಲಿ ಬಿಳಿಯಾಗಿ ಸುರುಳಿ ಸುತ್ತುತ್ತಿದ್ದವು. ಜ್ಯೋತ್ಸ್ನಾ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಸವಾರಿ ಮಾಡಿರಲಿಲ್ಲ. ಆದರೂ ನೀರಿನಿಂದ ಎದ್ದು ಬರುವಾಗ ಕಣ್ಣು ಹೋಗುತ್ತಿದ್ದುದು ಲಿತಿಯಾಳ ಜಗಲಿಗೆ. ಅಲ್ಲಿ ಮೊಣಕೈ ತರಚಿಕೊಂಡ ಪರದೇಶದ ತರುಣನೊಬ್ಬ ಕುಳಿತಿದ್ದ. ಸಭೆ ಅವನನ್ನು ಈ ಮೊದಲೇ ಆ ಮನೆಗೆ ಕಳಿಸಿತ್ತು. ಲಿತಿಯಾ ಅವನನ್ನು ಗದರಿಸುತ್ತಿದ್ದಳು, ಅದೇ ದನಿಯಲ್ಲಿ. ಜ್ಯೋತ್ಸ್ನಾಗೆ ಹೊಟ್ಟೆಕಿಚ್ಚಾಯಿತು. ಈ ವಯಸ್ಸಿನಲ್ಲಿ, ಮಗನಂಥ ಹುಡುಗನ ಮೇಲೆ ಹೊಟ್ಟೆಕಿಚ್ಚು! ನಾಚಿಕೆಯೂ ಆಯಿತು.

ಭಾನುವಾರ ಆ ಊರಿನಲ್ಲಿ ಯಾರೂ ಕಡಲಿಗಿಳಿಯುವಂತಿಲ್ಲ. ಆನಾ ಬೆಳಗಿನಿಂದ ಅಡುಗೆ ಮಾಡಿ, ಎಲೆ ಹಾಸಿ ಬಡಿಸಿದಳು. ಜ್ಯೋತ್ಸ್ನಾ ಎರಡು ತುತ್ತು ತಿಂದು, ಕಿಟಕಿಯಾಚೆ ನೋಡುತ್ತಾ ಕೈ ನಿಲ್ಲಿಸಿದ್ದಳು.

ಆನಾ ತಲೆ ತಗ್ಗಿಸಿ ಕೇಳಿದಳು. “ನಮ್ಮ ಮನೆಗೆ ಅತಿಥಿ ಬಂದಿದ್ದು ಇದೇ ಮೊದಲು. ನನ್ನ ಅಡುಗೆ ಚೆನ್ನಾಗಿಲ್ವಾ?”

ಜ್ಯೋತ್ಸ್ನಾಗೆ ಕೆನ್ನೆಗೆ ಹೊಡೆದಂತಾಯಿತು. ಆ ಹುಡುಗಿಯ ಬೆರಳ ತುದಿಗಳೆಲ್ಲ ಒಲೆಯ ಕಲ್ಲು ತಾಗಿ ಬೊಬ್ಬೆಯೆದ್ದಿದ್ದವು. ಅದನ್ನು ಇಷ್ಟು ದಿನ ನೋಡಿಯೇ ಇರಲಿಲ್ಲ.

“ಚೆನ್ನಾಗಿದೆ, ಆನಾ. ತಪ್ಪು ನಂದು,” ಎಂದು ಪಕ್ಕಕ್ಕೆ ಕೂರಿಸಿಕೊಂಡಳು. ಬೊಬ್ಬೆಗೆ ಮುಲಾಮು ಹಚ್ಚಿದಳು. ಆಮೇಲೆ ಇಬ್ಬರೂ ಒಂದೇ ಎಲೆಯಲ್ಲಿ ಉಂಡರು. ಆ ಮಧ್ಯಾಹ್ನ ಆನಾ, ಸತ್ತುಹೋದ ತಾಯಿಯಿಂದ ತಾನು ಏನೂ ಕಲಿಯಲಿಲ್ಲವೆಂದೂ, ಅಡುಗೆಯನ್ನೆಲ್ಲ ಲಿತಿಯಾಳೇ ಹೇಳಿಕೊಟ್ಟಳೆಂದೂ ಹೇಳಿದಳು. ಇಬ್ಬರೂ ಬಹಳ ಹೊತ್ತು ಲಿತಿಯಾಳ ಬೈಗುಳ ಅನುಕರಿಸಿ ನಕ್ಕರು.

ಹೊರಡುವ ದಿನ ದೋಣಿಯ ಹತ್ತಿರ ಲಿತಿಯಾ, ಆನಾ ಇಬ್ಬರೂ ಬಂದು ನಿಂತಿದ್ದರು. ಯಾರ ಕೈ ಮೊದಲು ಬಿಡಬೇಕೆಂದು ಜ್ಯೋತ್ಸ್ನಾಗೆ ತಿಳಿಯಲಿಲ್ಲ. ಒಂದು ಮನೆಗಾಗಿದ್ದ ಹಂಬಲ ಈಗ ಎರಡಾಗಿತ್ತು.

ಹವಳ ಮತ್ತೆ ಬೆಳೆಯಲೆಂದು ಈ ವರ್ಷ ದಿಬ್ಬಕ್ಕೆ ವಿಶ್ರಾಂತಿ ಕೊಡಬೇಕೆಂದು ಊರು ನಿರ್ಧರಿಸಿದೆ. ಯಾರೂ ಬರುವಂತಿಲ್ಲ. ಮತ್ತೆ ಯಾವಾಗ ಎಂದು ಹೇಳಿಲ್ಲ. ಸುದ್ದಿ ಬಂದ ದಿನ ಜ್ಯೋತ್ಸ್ನಾ ಬೆಂಡೆಕಾಯಿ ಹೆಚ್ಚುತ್ತಿದ್ದಳು. ಪ್ರಭಂಜನ ಬಂದು ಎದುರು ಕುಳಿತ.

“ಬೇಜಾರಾಯ್ತಾ?”

“ಒಳ್ಳೇದೇ ಮಾಡ್ತಿದ್ದಾರೆ ರೀ. ಆದ್ರೂ…”

ಅವನು ಇನ್ನೊಂದು ಚಾಕು ತಂದು ಹೆಚ್ಚಲು ಕೂತ. ಹೆಚ್ಚುತ್ತಲೇ, “ಆ ಆನಾ ಅಂತೀಯಲ್ಲ, ಅವಳ ವಿಷಯ ಹೇಳು,” ಎಂದ. ಅಲ್ಲಿಯ ಜನರ ಬಗ್ಗೆ ಅವನಾಗಿಯೇ ಕೇಳಿದ್ದು ಅದೇ ಮೊದಲು. ಜ್ಯೋತ್ಸ್ನಾ ಹೇಳತೊಡಗಿದಳು.