ಎಲ್ಲರ ಚೀಟಿಯ ಮೇಲೂ ನನ್ನ ಹೆಸರು

ಅದು ತೊಂಬತ್ತೇಳನೆಯ ಇಸವಿಯ ಕಬ್ಬಿನ ಹಂಗಾಮು. ಅಫಜಲಪುರದಿಂದ ದಿನಾ ಬಸ್ಸು ಹಿಡಿದು ನಮ್ಮ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಹೋಗುತ್ತಿದ್ದೆ. ಕೆಲಸ ಹೊಸದು, ಇನ್ನೂ ಕಾಯಂ ಆಗಿರಲಿಲ್ಲ.

ನಾನೂ ಅದೇ ವಿಭಾಗದಲ್ಲಿದ್ದ ಆಳಂದದ ಇಮ್ತಿಯಾಜನೂ ಒಂದೇ ಫೈಲುಗಳನ್ನು ತಿದ್ದುತ್ತಿದ್ದೆವು. ಯಾರು ಏನು ಬದಲಿಸಿದರೆಂದು ದಿನಾ ಜಗಳ. ಅದಕ್ಕೇ ಫೈಲಿನ ಹಳೆಯ, ಹೊಸ ಪ್ರತಿಗಳನ್ನೆಲ್ಲ ಕಾಯ್ದಿಡುವ ಸಾಫ್ಟ್‌ವೇರ್ ಹಾಕಿಕೊಂಡೆವು. ಇಮ್ತಿಯಾಜ್ ಅದಕ್ಕೊಂದು ಹುಕ್ ಸಿಕ್ಕಿಸಿದ. ನಾವು ಫೈಲನ್ನು ಕಮಿಟ್ ಮಾಡುತ್ತಲೇ, ಅಂದರೆ ಅದಕ್ಕೆ ಒಪ್ಪಿಸುತ್ತಲೇ, ಆ ಪುಟ್ಟ ಪ್ರೋಗ್ರಾಂ ತಾನಾಗಿ ಓಡಿ ತಿದ್ದಿದವರ ಹೆಸರನ್ನು ಫೈಲಿನ ಮೊದಲ ಸಾಲಿಗೆ ಬರೆದುಬಿಡುತ್ತಿತ್ತು. "ಇನ್ನ ಜಗಳದ ಮಾತೇ ಇಲ್ಲ ನೋಡ್ರಿ ಅಕ್ಕಾರ" ಎಂದು ಬೀಗಿದ.

ಒಂದು ಸಂಜೆ, ಕಬ್ಬು ತರಲು ರೈತರಿಗೆ ಕೊಡುವ ಚೀಟಿಯ ನಮೂನೆಯನ್ನು ತಿದ್ದಿ, ಚೆನ್ನಾಗಿ ಕಣ್ಣಾಡಿಸಿ, ಕಮಿಟ್ ಮಾಡಿ ಬಸ್ಸು ಹತ್ತಿದೆ. ಹುಕ್ ತನ್ನ ಕೆಲಸ ಮಾಡಿ, ಆ ನಮೂನೆಯ ಮೊದಲ ಸಾಲಿಗೆ ನನ್ನ ಹೆಸರು ಬರೆದಿತ್ತು. ಮರುದಿನ ಚೀಟಿಗಳೆಲ್ಲ ನೆತ್ತಿಯ ಮೇಲೆ 'ಮಹಾದೇವಿ' ಎಂಬ ಹೆಸರು ಹೊತ್ತುಕೊಂಡೇ ಅಚ್ಚಾಗಿ ಊರೂರಿಗೆ ಹೋದವು.

ನಮ್ಮ ಕಡೆ ಚೀಟಿಯ ಮೇಲೆ ಯಾರದಾದರೂ ಹೆಸರಿದ್ದರೆ ಅದು ವಶೀಲಿ ಅಂತಲೇ ಲೆಕ್ಕ. ಅಂಥವರ ಬಂಡಿ ಸಾಲು ಮುರಿದು ಮುಂದೆ ಹೋಗುತ್ತಿತ್ತು. ಬಂಡಿಗಳು ಬಂದ ದಿನ ಗೇಟಿನಲ್ಲಿ ಗದ್ದಲವೋ ಗದ್ದಲ!

"ನನ್ನ ಬಂಡಿ ಮೊದಲ ಬಿಡ್ರಿ, ಮಾದೇವಿ ಬಾಯಾರ ಚೀಟಿ ಐತಿ!"

"ಲೇ, ನನ್ನ ಹಂತ್ಯಾಕೂ ಐತಿ, ಸರಿ ಆ ಕಡಿ!"

ಕಾರ್ಖಾನೆಯ ಸಾಹೇಬರು ನನ್ನನ್ನು ಕರೆಸಿದರು. "ನೀವ್ ಯಾವಾಗಿಂದ ವಶೀಲಿ ಹಚ್ಚಾಕತ್ತೀರಿ? ಈಗಿಂದೀಗ ಗೇಟ್ ಖುಲ್ಲಾ ಮಾಡಸ್ರಿ, ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ."

ಓಡಿಹೋಗಿ ಗೇಟಿನ ಕಟ್ಟೆ ಹತ್ತಿ ಕೂಗಿದೆ: "ನಾನೇರಿ ಮಾದೇವಿ! ಎಲ್ಲಾರ ಚೀಟಿ ಮ್ಯಾಲೂ ನನ್ನ ಹೆಸರೇ ಐತಿ, ನೋಡ್ಕೋರಿ. ಎಲ್ಲಾರಿಗೂ ವಶೀಲಿ ಅಂದ್ರ ಯಾರಿಗೂ ಇಲ್ಲಂದಂಗ. ಬಂದ ಸಾಲಿನ್ಯಾಗ ಬರ್ರಿ!"

ಒಬ್ಬರ ಚೀಟಿ ಒಬ್ಬರು ಇಣುಕಿದರು. ಆಮೇಲೆ ಎದ್ದ ನಗು, ಅಬ್ಬಬ್ಬಾ! ದಿನಾ ಮುಂದೆ ನುಗ್ಗುವ ಗೌಡರೊಬ್ಬರು ಕೂಡ ಆ ನಗುವಿಗೆ ಅಂಜಿ ಬಂಡಿ ಹಿಂದಕ್ಕೆ ತೆಗೆಸಿದರು. ನಸುಕಿನಲ್ಲೇ ಬಂದು ಎಲ್ಲರಿಗೂ ದಾರಿ ಬಿಡುತ್ತ ಕೂತಿದ್ದ ಶಿವಮ್ಮ ಎಂಬ ಮುದುಕಿಯ ಬಂಡಿ ಮೊದಲು ಒಳಗೆ ಹೋಯಿತು. ನನ್ನ ನೌಕರಿ ಉಳಿಯಿತು.

ಒಳಗೆ ಬಂದು ಇಮ್ತಿಯಾಜನ ಕಿವಿ ಹಿಂಡಿದೆ. "ತಪ್ಪಿದ್ರ ಹೇಳೋದಷ್ಟೇ ನಿನ್ನ ಹುಕ್ಕಿನ ಕೆಲಸ. ನಾ ನೋಡಿ ಒಪ್ಪಿಸಿದ್ದರಾಗ ಅದು ಕೈ ಹಾಕಬಾರದು." ಅವನು "ಮಾಫ್ ಮಾಡ್ರಿ ಅಕ್ಕಾರ" ಎಂದು, ಫೈಲಿನೊಳಗೆ ಹೆಸರು ಬರೆಯದಂತೆ ಹುಕ್ಕನ್ನು ಆಗಲೇ ಬದಲಿಸಿದ.

ಮಧ್ಯಾಹ್ನ ಖಾಲಿ ಬಂಡಿಯಲ್ಲಿ ಹೊರಬಂದ ಶಿವಮ್ಮ ನನ್ನನ್ನು ಕಂಡು ಬಾಯ್ತುಂಬ ನಕ್ಕಳು. "ಮುಂದಿನ ಚೀಟಿ ಮ್ಯಾಲೂ ನಿನ್ನ ಹೆಸರ ಹಾಕ್ತೀಯಲ್ಲವ್ವಾ?"

ಹುಕ್ ಬದಲಿಸಿದ್ದು ಸರಿಯೇ. ಆದರೂ ಆ ಮುದುಕಿ ನೆನಪಾದಾಗಲೆಲ್ಲ, ಆ ಹಂಗಾಮು ಮುಗಿಯುವವರೆಗಾದರೂ ಅದನ್ನು ಹಾಗೇ ಬಿಡಬೇಕಿತ್ತು ಅನ್ನಿಸುತ್ತದೆ.