ಸುಲಿದ ಚರ್ಮಕ್ಕೆ ಡಾಕ್ಟರು ಇಟ್ಟ ಹೆಸರು

ಮೊದಲು ಕಣ್ಣು ಉರಿದವು. ಮರುದಿನ ಜ್ವರ, ಮೈತುಂಬ ಕೆಂಪು ಗುಳ್ಳೆ. ಉರಿಮೂತ್ರಕ್ಕೆಂದು ನವಲಗುಂದದಿಂದ ತಂದ ಸಲ್ಫಾ ಗುಳಿಗೆ ನುಂಗುತ್ತಿದ್ದೆ. ನಮ್ಮತ್ತೆ ಗುಳ್ಳೆ ಕಂಡವರೇ ಗುಳಿಗೆಯ ಪುಡಿಕೆಯನ್ನು ತಿಪ್ಪೆಗೆ ಎಸೆದರು.

"ಅಮ್ಮ ಬಂದಾಳ. ಔಷಧ ಮುಟ್ಟಿದ್ರ ಸಿಟ್ಟಾಗ್ತಾಳ."

ಬಾಗಿಲಿಗೆ ಬೇವು ಸಿಗಿಸಿ, ಐದು ತಿಂಗಳ ನನ್ನ ಮಗಳನ್ನು ಎತ್ತಿಕೊಂಡು ಪಡಸಾಲೆಗೆ ಹೋದರು. ಆಡಿನ ಹಾಲು ಕುಡಿಸಿದರು. ಒಳಕೋಣೆಯಲ್ಲಿ ಬಿದ್ದಿದ್ದ ನನಗೆ ಕೂಸಿನ ಅಳು ಕೇಳುತ್ತಿತ್ತು, ಎದೆಹಾಲು ಸೀರೆಗೆ ಸೋರುತ್ತಿತ್ತು. ಈ ಮುದುಕಿಯ ಕೈ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಆರನೆಯ ದಿನ ಬೆನ್ನಿನ ಚರ್ಮ ಸುಲಿಯತೊಡಗಿತು. ಅತ್ತೆಗೆ ಖುಷಿಯೋ ಖುಷಿ. "ಅಮ್ಮ ಹೊಂಟಳು ನೋಡ!" ಎಂದು ಬೇವಿನೆಲೆ ಕುದಿಸಿದ ನೀರು ಹಾಕಿ ತಿಕ್ಕಿದರು.

ಚರ್ಮ ಅವರ ಕೈಗೆ ಬಂತು.

ನಾನು ಚೀರಿದೆನಂತೆ. ನೆನಪಿಲ್ಲ.

ಸಿಡುಬು ಹುಡುಕುತ್ತ ಮನೆಮನೆ ತಿರುಗುತ್ತಿದ್ದ ಸರಕಾರದವರು ಮರುದಿನ ನಮ್ಮೂರು ಮೊರಬಕ್ಕೆ ಬಂದರು. ನನ್ನನ್ನು ನೋಡಿ, ಇದು ಸಿಡುಬಲ್ಲ ಎಂದು ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಆಸ್ಪತ್ರೆಯಲ್ಲಿ ಬಾಳೆಎಲೆಯ ಮೇಲೆ ಮಲಗಿಸಿದರು. ಡಾಕ್ಟರು ಜೊತೆಗಿದ್ದ ವಿದ್ಯಾರ್ಥಿಗಳಿಗೆ "ಡೆಸ್ಕ್ವಮೇಶನ್" ಎಂದರು.

"ನನ್ನ ರೋಗದ ಹೆಸರೇನ್ರಿ ಅದು?"

"ಅಲ್ಲ, ಯವ್ವಾ. ಚರ್ಮ ಪದರ ಪದರಾಗಿ ಉದುರೂದಕ್ಕ ಹಂಗಂತೀವಿ. ಗೊಬ್ಬರ, ಅಂದ್ರ ದಡಾರ, ಎದ್ದು ಆರಿದ ಮ್ಯಾಲೆ ಮೈ ಹೊಟ್ಟು ಉದುರ್ತದಲ್ಲ, ಅದಕ್ಕೂ ಅದ ಮಾತು. ಕಣ್ಣಿಗೆ ಕಂಡದ್ದಷ್ಟ ಹೇಳ್ತದ, ಯಾಕಂತ ಹೇಳೂದಿಲ್ಲ. ನೀ ಹೇಳಿದ ಆ ಸಲ್ಫಾ ಗುಳಿಗಿ ನಿನಗ ಒಗ್ಗಿಲ್ಲ. ಯಾವಾಗ ಬಿಟ್ಟಿ?"

"ಗುಳ್ಳಿ ಎದ್ದ ದಿನಾನ ನಮ್ಮತ್ತಿ ಚೆಲ್ಲಿದ್ರು. ಅಮ್ಮ ಅಂತ ತಿಳದು."

"ಅದಕ್ಕ ಉಳದಿ."

ಸಂತೋಷವಾಗಬೇಕಿತ್ತು. ಏನೂ ಆಗಲಿಲ್ಲ. ತಿಂಗಳೊಪ್ಪತ್ತು ಅಲ್ಲೇ ಮಲಗಿದ್ದೆ. ಎದೆಹಾಲು ಬತ್ತಿತು. ಹೊಸ ಚರ್ಮ ಬಂತು, ತೆಳ್ಳಗೆ, ಬೇರೆ ಯಾರದೋ ಇದ್ದಂತೆ.

ಮನೆಗೆ ಬಂದಾಗ ಅತ್ತೆ ಕೂಸನ್ನು ಹೊತ್ತು ಕಟ್ಟೆಯ ಮೇಲೆ ನಿಂತಿದ್ದರು. ಸೊರಗಿ ಹೋಗಿದ್ದರು.

"ತಿಕ್ಕಬಾರದಿತ್ತವಾ. ನಾ ಪಾಪಿ."

"ನೀವು ಗುಳಿಗಿ ಚೆಲ್ಲಿದ್ದಕ್ಕ ನಾ ಉಳದೆ ಅಂದ್ರು ಡಾಕ್ಟರು," ಎಂದೆ. ಅವರು ಅಲ್ಲೇ ಕುಸಿದು ಕೂತು ಅತ್ತರು. ನನಗೆ ಅಳು ಬರಲಿಲ್ಲ. ಶಪಿಸಿದ್ದನ್ನು ಹೇಳಲೂ ಇಲ್ಲ.

ಕಣ್ಣೊರೆಸಿಕೊಂಡು ಕೂಸನ್ನು ನನ್ನತ್ತ ಚಾಚಿದರು. ಅದು ನನ್ನ ಮುಖ ನೋಡಿತು, ಕಿಟಾರನೆ ಚೀರಿ ಅಜ್ಜಿಯ ಕೊರಳನ್ನು ತಬ್ಬಿತು.

"ಇರಲಿ ಬಿಡ್ರಿ, ನಿಮ್ಮ ಕಡೇನ ಇರಲಿ," ಎಂದೆ. "ನಾ ಬಾಜೂಕ ಕೂಡ್ತೀನಿ."